ಸನ್ಮಾನ ಪತ್ರದ ಒಂಬತ್ತನೆಯ ಸಾಲು

ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಬರೆಯುವುದಿಲ್ಲ. ಒಂದು ಹೆಸರು ಬರೆದು ಆದದ್ದು ಸಾಕು.

ನನಗೀಗ ಎಪ್ಪತ್ತೇಳು. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಐದರಿಂದ ಅರ್ಧ ಗಂಟೆ ಕ್ಲಾರಿನೆಟ್ಟಿನಲ್ಲಿ ಉದ್ದ ಸ್ವರಗಳನ್ನು ಊದುತ್ತೇನೆ, ಒಂದೊಂದು ಸ್ವರಕ್ಕೆ ಹದಿನಾರು ಎಣಿಕೆ. ಪುತ್ತೂರಿನ ದರ್ಬೆಯ ನಮ್ಮ ಬಡಾವಣೆಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರ ದೂರು ಹೇಳುತ್ತಾರೆ. ಎರಡನೆಯ ವಾರದಿಂದ ಅಲಾರಂ ಇಡುವುದನ್ನು ಬಿಡುತ್ತಾರೆ. ಹತ್ತೊಂಬತ್ತು ವರ್ಷ ಸೈನ್ಯದ ಬ್ಯಾಂಡಿನಲ್ಲಿದ್ದೆ. ಆಮೇಲೆ ಪುತ್ತೂರಿನ ಒಂದು ಶಾಲೆಯಲ್ಲಿ ಬ್ಯಾಂಡ್ ಮಾಷ್ಟ್ರಾಗಿದ್ದೆ. ಎರಡೂ ಕಡೆ ಒಂದು ದಿನವೂ ತಡವಾಗಿ ಹೋದವನಲ್ಲ.

ನಮ್ಮ ಕಡೆಯ ಮದುವೆಗೆ ಹೋದವರೆಲ್ಲ ಒಂದು ರಾಗವನ್ನು ಕೇಳಿಯೇ ಇರುತ್ತಾರೆ. ಹಳೆಯ ತುಳು ಸಿನಿಮಾವೊಂದರ ಪ್ರೇಮಗೀತೆ. ಹುಡುಗ ಹುಡುಗಿ ಸಭಾಂಗಣದ ಬಾಗಿಲಿನಿಂದ ಮಂಟಪದತ್ತ ನಡೆದು ಬರುವಾಗ ಅದನ್ನು ಹಾಕುತ್ತಾರೆ. ಸುಳ್ಯದಿಂದ ಕಡಬದವರೆಗೆ ಮದುವೆ ವೀಡಿಯೋ ಮಾಡುವವರಿಗೆ ಅದಿಲ್ಲದೆ ಕೈ ಓಡುವುದಿಲ್ಲ. ತೊಟ್ಟಿಲಿಗೆ ಹಾಕುವ ದಿನವೂ ಅದೇ, ಬಸ್ಸಿನಲ್ಲಿ ಪಕ್ಕದವರ ಫೋನಿನಲ್ಲೂ ಅದೇ. ಮೇಲೆ ಹತ್ತಿ, ಅಲ್ಲಿ ಸ್ವಲ್ಪ ನಿಂತು, ಮಲಗಿದವರನ್ನು ಎಬ್ಬಿಸಬಾರದೆಂಬಂತೆ ಮೆಲ್ಲನೆ ಇಳಿಯುವ ರಾಗ.

ಆ ರಾಗವನ್ನು ನಾನು ಮೊದಲು ಊದಿದ್ದು ಹೆಣದ ಮುಂದೆ.

ಅದನ್ನು ಬರೆದವನು ಯುರೋಪಿನವನು, ಅಲ್ಲಿಯವರು ರೊಮ್ಯಾಂಟಿಕ್ ಎಂದು ಕರೆಯುವ ಕಾಲದವನು, ಸತ್ತು ನೂರೈವತ್ತು ವರ್ಷಗಳ ಮೇಲಾಯಿತು. ಪಿಯಾನೋಕ್ಕೆಂದು ಬರೆದ ಶವಯಾತ್ರೆಯ ನಡಿಗೆ ಅದು. ಸೈನ್ಯಗಳು ಅದನ್ನು ಬ್ಯಾಂಡಿಗೆ ಹೊಂದಿಸಿಕೊಂಡವು. ಮೊದಲ ಭಾಗ ಭಾರವಾದದ್ದು, ಹೆಜ್ಜೆಗೊಂದು ಪೆಟ್ಟು. ನಡುವೆ ಇದ್ದಕ್ಕಿದ್ದಂತೆ ಈ ಸಿಹಿ ರಾಗ. ಮತ್ತೆ ಪೆಟ್ಟು. ಸಿನಿಮಾದವರು ಅವನನ್ನು ಬಿಟ್ಟ ದಿನವಿಲ್ಲ. ಎಡಗೈಯಲ್ಲಿ ಒಂದೇ ಅಳತೆಯ ತೂಗಾಟ, ಬಲಗೈಯಲ್ಲಿ ಮನುಷ್ಯ ಹಾಡಿದಂತಹ ರಾಗ. ಅದಕ್ಕೆ ಯಾವ ಭಾಷೆಯ ಮಾತು ಹಾಕಿದರೂ ಕೂರುತ್ತದೆ, ಯಾವ ದೃಶ್ಯದ ಹಿಂದೆ ಇಟ್ಟರೂ ನಿಲ್ಲುತ್ತದೆ. ತಾಯಿ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚುವಾಗ ಕೇಳುವ ಪಿಯಾನೋ ಅವನದು, ಇಲ್ಲವೇ ಅವನಿಂದ ಕದ್ದದ್ದು, ಇಲ್ಲವೇ ಅವನಿಂದ ಕದ್ದವರಿಂದ ಕದ್ದದ್ದು. ಚಿನ್ನದಂಗಡಿಯ ಜಾಹೀರಾತಿನಲ್ಲೂ ಅವನನ್ನು ಕೇಳಿದ್ದೇನೆ. ಶವನಡಿಗೆಯ ಮೊದಲ ಪೆಟ್ಟುಗಳನ್ನು ಹಾಸ್ಯನಟ ಜಾರಿ ಬೀಳುವಾಗ ಹಾಕುತ್ತಾರೆ. ನಡುಭಾಗ ನಮ್ಮಲ್ಲಿ ಮದುವೆಗೆ ಹೋಯಿತು. ಹೆಣಕ್ಕೆ ಏನೂ ಉಳಿಯಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಮುದುಕನಾದ ಮೇಲೆ. ಬ್ಯಾಂಡಿನಲ್ಲಿದ್ದಾಗ ಅದು ನಮಗೆ ಬರೀ ಹದಿನೇಳು. ನಡೆಯುತ್ತ ಊದುವಾಗ ವಾದ್ಯಕ್ಕೆ ಸಿಕ್ಕಿಸಿಕೊಳ್ಳುವ ಅಂಗೈಯಗಲದ ಕಾರ್ಡು ಇರುತ್ತದೆ. ಅದರಲ್ಲಿ ನಮ್ಮ ವಾದ್ಯದ ಪಾಲು ಮಾತ್ರ, ನೆತ್ತಿಯಲ್ಲಿ ಒಂದು ಅಂಕಿ. ಬರೆದವನ ಹೆಸರಿದ್ದ ಅಂಚನ್ನು ಕಾರ್ಡು ಕ್ಲಿಪ್ಪಿಗೆ ಹೊಂದಲೆಂದು ಕತ್ತರಿಸಿದ್ದರು. “ಹದಿನೇಳು ತೆಗೆಯಿರಿ” ಎಂದರೆ ಯಾರೋ ಸತ್ತಿದ್ದಾರೆ ಎಂದರ್ಥ.

ನಾನು ಹದಿನೇಳನ್ನು ಮೊದಲ ಸಲ ಊದಿದ್ದು ನನ್ನಿಂದ ಎರಡು ಮಂಚದಾಚೆ ಮಲಗುತ್ತಿದ್ದವನಿಗಾಗಿ. ಲಾರಿ ಮಗುಚಿ ಸತ್ತಿದ್ದ. ನಡುಭಾಗಕ್ಕೆ ಬರುವಾಗ ನನ್ನ ತುಟಿ ನಡುಗಿ ಕ್ಲಾರಿನೆಟ್ಟು ಒಮ್ಮೆ ಕಿರುಚಿತು. ಮರುದಿನ ಬೆಳಿಗ್ಗೆ ನಮಗೆ ಕಲಿಸುತ್ತಿದ್ದ ಉಸ್ತಾದರು ನನ್ನನ್ನು ಮೈದಾನದ ನಡುವೆ ಬಿಸಿಲಿಗೆ ನಿಲ್ಲಿಸಿ ಆ ಭಾಗವನ್ನು ನಲವತ್ತು ಸಲ ಊದಿಸಿದರು. ತುಟಿ ಒಡೆದು, ಬಾಯಿಗಿಡುವ ರೀಡು ಕೆಂಪಾಯಿತು. “ಹೆಣಕ್ಕೆ ಕಿವಿ ಇಲ್ಲ, ನನಗೆ ಇದೆ” ಎಂದರು. ನಲವತ್ತೊಂದನೆಯ ಸಲ ಸರಿಯಾಯಿತು. ಆಮೇಲೆ ಎಂದೂ ತಪ್ಪಲಿಲ್ಲ. ಆ ಉಸ್ತಾದರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ತಪ್ಪನ್ನು ಎಲ್ಲರ ಎದುರು ತಿದ್ದಬೇಕೆಂದು ಕಲಿತದ್ದು ಅಲ್ಲಿಯೇ.

ರಜೆಗೆ ಮಂಡೆಕೋಲಿನ ಮನೆಗೆ ಬಂದಾಗಲೂ ಬೆಳಿಗ್ಗೆ ಐದಕ್ಕೆ ಊದುತ್ತಿದ್ದೆ. ನೆರೆಮನೆಯವನು ನನಗಿಂತ ಒಂದು ವರ್ಷ ಚಿಕ್ಕವನು, ಒಂದೇ ಶಾಲೆಗೆ ಹೋದವರು ನಾವು. ಅವನು ಆಗ ಭಜನಾ ಮಂಡಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದ. ಸ್ವರಲಿಪಿ ಓದಲು ಬಾರದು. ಕಿವಿ ಮಾತ್ರ ಉಡದ ಪಟ್ಟು. ಒಂದು ದಿನ ನಮ್ಮ ಅಂಗಳದ ಕಟ್ಟೆಯ ಮೇಲೆ ಬಂದು ಕುಳಿತ.

“ಅದೊಂದು ಇನ್ನೊಮ್ಮೆ ಊದು ಮಾರಾಯ.”

“ಯಾವುದು?”

“ಆ ತೂಗಿದ ಹಾಗೆ ಬರುದು.”

ಮೂರು ಸಲ ಊದಿದೆ. ಮೂರನೆಯದಕ್ಕೆ ಅವನ ಬೆರಳುಗಳು ಕಟ್ಟೆಯ ಮೇಲೆ ಆಡುತ್ತಿದ್ದವು.

“ಯಾರದ್ದು ಇದು?”

“ಯಾರದ್ದೂ ಅಲ್ಲ. ಮಿಲಿಟರಿದು.”

ಹೆಣದ ಮುಂದೆ ಊದುವುದೆಂದು ಹೇಳಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಅಪಶಕುನದ ಮಾತು ಏಕೆ ಎಂದು ಬಿಟ್ಟೆ. ಯಾರದ್ದೂ ಅಲ್ಲ ಎಂದವನು ನಾನೇ. ಅದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ.

ಮುಂದೆ ಅವನು ಒಂದು ರಸಮಂಜರಿ ತಂಡ ಸೇರಿ ಊರೂರಿನ ಸ್ಟೇಜುಗಳಲ್ಲಿ ಸಿನಿಮಾ ಹಾಡುಗಳಿಗೆ ಕೀಬೋರ್ಡು ನುಡಿಸಿದ. ತುಳು ಸಿನಿಮಾ ಮಾಡಲು ಹೊರಟ ಯಾರೋ ಆ ತಂಡದ ಯಜಮಾನನ ಹತ್ತಿರ ಒಂದು ಪ್ರೇಮಗೀತೆ ಕೇಳಿದರು. ಯಜಮಾನನಿಗೆ ಏನೂ ಹೊಳೆಯಲಿಲ್ಲ. ನನ್ನ ನೆರೆಯವನು ಆ ರಾಗವನ್ನು ತೆಗೆದುಕೊಟ್ಟ. ಸಿನಿಮಾ ಎರಡು ವಾರದಲ್ಲಿ ಎತ್ತಂಗಡಿಯಾಯಿತು, ಹಾಡು ಉಳಿಯಿತು. ತೆರೆಯ ಮೇಲೆ ಬಂದದ್ದು ಯಜಮಾನನ ಹೆಸರು. ಆದರೆ ಊರಿನ ಬಾಯಲ್ಲಿ ಅದು ಇವನದೇ ಆಯಿತು. ‘ಆ ಟ್ಯೂನಿನವರು’ ಎಂದರೆ ಇವನು. ಹೆಂಡತಿಯ ಊರಾದ ಕೊಯಿಲದಲ್ಲಿ ಮನೆ ಮಾಡಿ ಮುಂದಿನ ನಲವತ್ತು ವರ್ಷ ಭಜನೆಗಳಿಗೆ ರಾಗ ಹಾಕಿದ. ಒಂದೂ ನಿಲ್ಲಲಿಲ್ಲ. ಆ ಒಂದು ರಾಗ ಬಿಟ್ಟರೆ ಅವನಿಗೆ ಬೇರೆ ಏನೂ ಇರಲಿಲ್ಲ.

ನಾನು ಸೈನ್ಯ ಬಿಟ್ಟು ಬಂದ ಮೇಲೆ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ.

“ಕೇಳಿದ್ಯಾ ನನ್ನ ಟ್ಯೂನ್?”

“ಕೇಳಿದೆ.”

“ಹೇಗುಂಟು?”

“ಎರಡನೇ ಸಾಲಿನಲ್ಲಿ ಉಸಿರು ತೆಗೆಯುವ ಜಾಗ ತಪ್ಪಿದೆ.”

ಅವನು ಜೋರಾಗಿ ನಕ್ಕ. “ನೀನು ಸತ್ತರೂ ಸುಧಾರಿಸುದಿಲ್ಲ ಮಾರಾಯ.”

‘ನನ್ನ ಟ್ಯೂನ್’ ಎಂದದ್ದು ನನಗೆ ಮುಳ್ಳಿನಂತೆ ನಾಟಿತು. ನಿನ್ನಿಂದ ಕೇಳಿದ್ದು ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ನಾನೂ ಎತ್ತಲಿಲ್ಲ. ಅದು ದೊಡ್ಡತನವಲ್ಲ; ‘ಇದು ನಿನ್ನದಲ್ಲ’ ಎಂದರೆ ಮತ್ತೆ ಯಾರದು ಎಂಬುದಕ್ಕೆ ನನ್ನ ಹತ್ತಿರ ಹೆಸರಿರಲಿಲ್ಲ, ಅಷ್ಟೆ.

ಹೆಸರು ಸಿಕ್ಕಿದ್ದು ಮೂರು ವರ್ಷದ ಹಿಂದೆ. ನನ್ನ ಮಗಳು ದರ್ಬೆಯಲ್ಲಿ ಕೀಬೋರ್ಡ್ ಕಲಿಸುತ್ತಾಳೆ. ಪರೀಕ್ಷೆಯ ಪುಸ್ತಕವೊಂದನ್ನು ತಂದು ಮೇಜಿನ ಮೇಲೆ ಇಟ್ಟಿದ್ದಳು. ಪುಟ ತಿರುಗಿಸುವಾಗ ಹದಿನೇಳು ಕಾಣಿಸಿತು. ಅಂಚು ಕತ್ತರಿಸದ ಹದಿನೇಳು. ಬಲಬದಿಯ ಮೂಲೆಯಲ್ಲಿ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಅವತ್ತು ಆದದ್ದು ಸಂತೋಷವೆಂದೇ ಹೇಳಬೇಕು. ಆ ಪುಸ್ತಕವನ್ನು ಮಗಳಿಗೆ ಹಿಂದಿರುಗಿಸಲಿಲ್ಲ. ಅವಳಿಗೆ ಬೇರೆ ಕೊಡಿಸಿದೆ.

ಇನ್ನೊಂದು ವಿಷಯ ಹೇಳಬೇಕು. ಸುಳ್ಯ, ಪುತ್ತೂರು, ಕಡಬ, ನಮ್ಮ ಈ ಮೂರು ತಾಲೂಕುಗಳಲ್ಲಿ ಸನ್ಮಾನಗಳಿಗೆ ಬರವಿಲ್ಲ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಕಟ್ಟು ಹಾಕಿಸಿದ ಸನ್ಮಾನ ಪತ್ರ. ನಿವೃತ್ತನಾದ ಮೇಲೆ ಆ ಪತ್ರಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬೇರೆಯವರು ಬರೆದರೆ ಸಾಗರ, ಮೇರು, ಕಾಮಧೇನು ಎಂದು ಎರಡು ಪುಟ ಆಗುತ್ತದೆ. ನಾನು ಹನ್ನೆರಡು ಸಾಲು ಬರೆಯುತ್ತೇನೆ, ಕೇಳಿದ ದಿನ ಕೊಡುತ್ತೇನೆ. ಮುಖ್ಯವಾದ ಸಂಗತಿ ಎಂದರೆ, ನಮ್ಮಲ್ಲಿ ಸನ್ಮಾನ ಪತ್ರವನ್ನು ಸ್ಟೇಜಿನಲ್ಲಿ ಓದುವ ಮೊದಲು ಯಾರೂ ಓದುವುದಿಲ್ಲ. ಭಾವಚಿತ್ರ ಸರಿ ಬಂದಿದೆಯೇ, ಅಧ್ಯಕ್ಷರ ಇನಿಶಿಯಲ್ ಸರಿ ಇದೆಯೇ, ಚೌಕಟ್ಟಿಗೆ ಗೀರು ಬಿದ್ದಿದೆಯೇ ಎಂದು ನೋಡುತ್ತಾರೆ. ನಡುವಿನ ಹನ್ನೆರಡು ಸಾಲು ಯಾರ ಕಣ್ಣಿಗೂ ಬೀಳದೆ ನೇರ ಮೈಕಿಗೆ ಹೋಗುತ್ತದೆ.

ಕಳೆದ ವರ್ಷ ಒಂದು ಸಂಘದ ಅಧ್ಯಕ್ಷರೂ ಕಾರ್ಯದರ್ಶಿಯೂ ಮನೆಗೆ ಬಂದರು.

“ಮಾಷ್ಟ್ರೇ, ಕಡಬದಲ್ಲಿ ಕಾರ್ಯಕ್ರಮ. ಪತ್ರ ನೀವೇ ಬರೀಬೇಕು” ಎಂದರು ಅಧ್ಯಕ್ಷರು.

“ಎಷ್ಟು ಜನಕ್ಕೆ?”

“ಹನ್ನೊಂದು.”

“ಹನ್ನೊಂದಾ? ಕೆಳಗೆ ಕೂತು ನೋಡ್ಲಿಕ್ಕೆ ಯಾರಾದರೂ ಉಳಿಯುತ್ತಾರಾ?”

“ಮನೆಯವರು ಬರ್ತಾರಲ್ಲ. ಒಬ್ಬೊಬ್ಬರಿಗೆ ಹದಿನೈದು ಅಂತ ಹಿಡಿದ್ರೂ ಹಾಲ್ ಫುಲ್.”

ಕಾರ್ಯದರ್ಶಿ ನನ್ನನ್ನು ನೋಡಿ ನಕ್ಕ. “ನಿಮಗೂ ಒಂದು ಮಾಡುವ ಅಂತ ಮೀಟಿಂಗಿನಲ್ಲಿ ಬಂದಿತ್ತು ಮಾಷ್ಟ್ರೇ. ಆದ್ರೆ ನಿಮ್ಮ ಪತ್ರ ಬರಿಯುದು ಯಾರು? ಅದಕ್ಕೆ ಬಿಟ್ಟದ್ದು.”

ಇಬ್ಬರೂ ನಕ್ಕರು. ನಾನೂ ನಕ್ಕೆ. ಪಟ್ಟಿಯನ್ನು ನೋಡಿದೆ. ಏಳನೆಯ ಹೆಸರು ಅವನದು. ‘ಅಮರ ಗೀತೆಯ ರಾಗ ಸಂಯೋಜಕರು, ಎಪ್ಪತ್ತೈದು ತುಂಬಿದ ಸಂಭ್ರಮ.’

ಎರಡು ದಿನ ಬಿಟ್ಟು ಅವನೇ ಬಂದ, ತನ್ನ ವಿವರ ಬರೆದ ಒಂದು ಹಾಳೆ ಹಿಡಿದುಕೊಂಡು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕೂರುವ ಮೊದಲೇ ಹೇಳಿದ:

“ಹೊಸ ಸಿನಿಮಾದವರು ನನ್ನ ಟ್ಯೂನ್ ತಗೊಂಡಿದ್ದಾರೆ, ಗೊತ್ತುಂಟಾ? ಪುತ್ತೂರಿನ ಹುಡುಗರೇ. ಮೂಲ ಸಂಗೀತ ಅಂತ ಹೆಸರು ಹಾಕ್ತಾರಂತೆ. ಪರದೆ ಮೇಲೆ.”

“ಸರಿಯಾಗಿ ಬರೆದು ಕೊಟ್ಟಿದ್ದೀಯಾ ಹೆಸರು?”

“ಕನ್ನಡದಲ್ಲಿ ಕೊಟ್ಟಿದ್ದೇನೆ, ಇಂಗ್ಲಿಷಿನಲ್ಲಿ ಕೊಟ್ಟಿದ್ದೇನೆ. ತುಳು ಲಿಪಿಯಲ್ಲಿ ಬೇಕಾದ್ರೆ ಅದೂ ಕೊಡುವ ಅಂದೆ.” ಮತ್ತೆ ದನಿ ತಗ್ಗಿಸಿದ. “ಮೊದಲಿನದ್ರಲ್ಲಿ ಬರ್ಲಿಲ್ಲಲ್ಲ ಮಾರಾಯ. ನನ್ನ ಹೆಂಡತಿ ನಾಲ್ಕು ಸಲ ಹೋಗಿ ನೋಡಿದ್ದು, ಕಣ್ಣು ತಪ್ಪಿತೋ ಏನೋ ಅಂತ. ಈ ಸಲ ಒಮ್ಮೆ ಬಂದ್ರೆ ಸಾಕು.”

ನಾನು ಹಾಳೆ ಓದಿದೆ. ಅವನು ಕಾಫಿ ಕುಡಿಯುತ್ತ ಮೇಲೊಂದು ಸೂಚನೆ ಕೊಟ್ಟ:

“ಟ್ಯೂನಿನ ವಿಷಯ ಒಂದು ಸಾಲು ಜಾಸ್ತಿ ಹಾಕು. ಪಯಸ್ವಿನಿ ಹೊಳೆ ಬದಿಯಲ್ಲಿ ಕೂತಿದ್ದಾಗ ಬಂತು ಅಂತ.”

“ಹೊಳೆ ಬದಿಯಲ್ಲಾ?”

“ಹೌದು. ಸಂಜೆ ಹೊತ್ತು.”

“ಸರಿ ನೆನಪುಂಟಾ?”

“ಉಂಟು ಮಾರಾಯ. ನೀರು ತುಂಬ ಇತ್ತು.”

“ಯಾರಿಂದಲೂ ಕೇಳಿದ್ದಲ್ಲ?”

ಅವನು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ. “ಯಾರಿಂದ ಕೇಳುದು? ನಮ್ಮ ಮನೆಯಲ್ಲಿ ಆಗ ರೇಡಿಯೋ ಕೂಡ ಇರ್ಲಿಲ್ಲ, ನಿನಗೆ ಗೊತ್ತುಂಟಲ್ಲ.”

ಅವನ ಕಣ್ಣಿನಲ್ಲಿ ಕಳ್ಳತನ ಇರಲಿಲ್ಲ. ನಲವತ್ತು ವರ್ಷ ಹೇಳಿ ಹೇಳಿ ಅವನಿಗೆ ಹೊಳೆಯೇ ನಿಜವಾಗಿತ್ತು. ನಾನು ಅಂಗಳದಿಂದಲೂ ಅಳಿಸಿಹೋಗಿದ್ದೆ. ಕೈ ಚಾಚಿದರೆ ಸಿಗುವಲ್ಲಿ ಆ ಪುಸ್ತಕ ಇತ್ತು. ತೆಗೆದು ತೋರಿಸಿದ್ದರೆ ವಿಷಯ ಇಬ್ಬರು ಮುದುಕರ ನಡುವೆ ಮುಗಿಯುತ್ತಿತ್ತು. ನಾನು ಕಾಫಿಗೆ ಸಕ್ಕರೆ ಸಾಕೇ ಎಂದು ಕೇಳಿದೆ.

“ಸಾಕು, ಸಾಕು. ಚಂದ ಮಾಡಿ ಬರೆ” ಎಂದು ಹೇಳಿ ಹೋದ.

ಬರೆದೆ. ಎಂಟು ಸಾಲು ಹುಟ್ಟು, ಓದು, ರಸಮಂಜರಿ, ಭಜನೆ. ಒಂಬತ್ತನೆಯ ಸಾಲಿನಲ್ಲಿ, ಇವರದೆಂದು ಪ್ರಸಿದ್ಧವಾದ ರಾಗ ವಾಸ್ತವದಲ್ಲಿ ಯುರೋಪಿನ ಇಂಥವರು ಶವಯಾತ್ರೆಗೆಂದು ರಚಿಸಿದ್ದು ಎಂದು ಪೂರ್ತಿ ಹೆಸರು ಹಾಕಿದೆ. ಮಂಡೆಕೋಲಿನಲ್ಲಿ ಸೈನಿಕರೊಬ್ಬರ ಕ್ಲಾರಿನೆಟ್ಟಿನಿಂದ ಕೇಳಿ ಕಲಿತ ಇದನ್ನು ಕರಾವಳಿಯ ವಧೂವರರಿಗೆ ಒದಗಿಸಿದರು ಎಂದು ಹತ್ತನೆಯ ಸಾಲು. ಇಂತಹ ಶ್ರವಣಶಕ್ತಿಗೆ ಈ ಗೌರವ ಎಂದು ಹನ್ನೊಂದನೆಯದು. ಹನ್ನೆರಡನೆಯದು ಎಲ್ಲ ಪತ್ರಗಳಿಗೂ ಒಂದೇ: ದೇವರು ಆಯುರಾರೋಗ್ಯ ಕೊಡಲಿ.

ಟೈಪು ಮಾಡುವುದು ಮಗಳ ಕೆಲಸ. ಒಂಬತ್ತಕ್ಕೆ ಬಂದು ನಿಲ್ಲಿಸಿದಳು.

“ಅಪ್ಪ, ಇದು ಸನ್ಮಾನ ಪತ್ರವಾ, ಎಫ್‌ಐಆರಾ?”

“ಸುಳ್ಳು ಯಾವ ಶಬ್ದ, ತೋರಿಸು.”

“ಶಬ್ದ ಎಲ್ಲ ಸರಿಯೇ ಉಂಟು. ಅವರ ಮಂಡೆಗೆ ಪೇಟ ಇಟ್ಟು ಅದನ್ನು ಓದ್ಬೇಕಾ? ಒಂದು ಫೋನ್ ಮಾಡಿ ಹೇಳಿ, ಸಾಕು.”

“ಮೂರು ಸಲ ಕೇಳಿದ್ದೇನೆ ಅವನನ್ನು.”

“ಕೇಳಿದ್ರಿ. ಹೇಳಿದ್ರಾ?”

ನಾನು ಗಡಿಯಾರ ನೋಡಿದೆ. ಅವಳು ಟೈಪು ಮಾಡಿ ಮುಗಿಸಿದಳು. ಆಮೇಲೆ ಒಂದು ವಾರ ನನ್ನ ಹತ್ತಿರ ಊಟಕ್ಕೆ ಕರೆಯುವ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಕಾರ್ಯಕ್ರಮ ಭಾನುವಾರ ಮಧ್ಯಾಹ್ನ. ನಾನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಏಳನೆಯವನಾಗಿ ಅವನನ್ನು ಕರೆದು ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಶಾಲು ಹೊದಿಸಿದರು, ಪೇಟ ಇಟ್ಟರು, ಹಾರ ಹಾಕಿದರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟು ಎರಡೂ ಕೈಯಿಂದ ಹಿಡಿದುಕೊಳ್ಳಲು ಹೇಳಿದರು. ಪೇಟ ಸ್ವಲ್ಪ ದೊಡ್ಡದು, ಹುಬ್ಬಿನ ತನಕ ಇಳಿದಿತ್ತು. ಸರಿಪಡಿಸಲು ಕೈ ಖಾಲಿ ಇರಲಿಲ್ಲ. ನಿರೂಪಕಿ ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು, ಗಂಟೆ ಬಾರಿಸಿದಂತಹ ಕಂಠ. ಅದೇ ಕಂಠದಲ್ಲಿ ಎಂಟು ಸಾಲು ಓದಿದಳು. ಚಪ್ಪಾಳೆ ಬಿತ್ತು. ಒಂಬತ್ತನ್ನೂ ಅದೇ ಏರುದನಿಯಲ್ಲಿ ಓದಿದಳು. ವಿದೇಶದ ಹೆಸರು ನಾಲಗೆಗೆ ಸಿಗದೆ ತೊಡರಿತು. ಕೆಲಸದಲ್ಲಿ ನಿಷ್ಠೆಯುಳ್ಳವಳು, ನಿಲ್ಲಿಸಿ ಎರಡನೆಯ ಸಲ ಬಿಡಿಸಿ ಬಿಡಿಸಿ ಓದಿದಳು. ಶವಯಾತ್ರೆ ಎಂಬ ಮಾತೂ ಎರಡು ಸಲ ಕೇಳಿತು. ‘ಒದಗಿಸಿದರು’ ಎಂಬಲ್ಲಿ ಅಭ್ಯಾಸಬಲದಿಂದ ಕೆಲವರು ಚಪ್ಪಾಳೆ ತಟ್ಟಿ, ಪಕ್ಕದವರನ್ನು ನೋಡಿ ನಿಲ್ಲಿಸಿದರು.

ಹಿಂದಿನಿಂದ ಯಾರೋ ಕೇಳಿದರು: “ಎಂತ? ಹೆಣದ ಟ್ಯೂನಾ?”

“ನನ್ನ ಮದುವೆಗೆ ಹಾಕಿದ್ದು ಮಾರಾಯ್ರೆ!”

“ಅದಕ್ಕೇ ಮತ್ತೆ, ನಿನ್ನ ಗತಿ ಹೀಗಾದದ್ದು.”

ನಗು ಹಿಂದಿನ ಸಾಲಿನಿಂದ ಮುಂದಿನ ಸಾಲಿನವರೆಗೆ ಬಂತು. ಸ್ಟೇಜಿನ ಮೇಲೂ ಒಬ್ಬಿಬ್ಬರು ಕರವಸ್ತ್ರ ಬಾಯಿಗೆ ಹಿಡಿದರು. ಅತಿಥಿಗಳ ಸಾಲಿನಲ್ಲಿ ಹೊಸ ಸಿನಿಮಾದ ಸಂಗೀತ ನಿರ್ದೇಶಕ ಇದ್ದ, ಮೂವತ್ತರ ಆಸುಪಾಸಿನವನು. ಅವನು ಫೋನ್ ತೆಗೆದು ಏನೋ ಹುಡುಕಿ ಕಿವಿಗೆ ಹಿಡಿದುಕೊಂಡ. ಅರ್ಧ ನಿಮಿಷ ಕೇಳಿ, ತನ್ನಷ್ಟಕ್ಕೆ ತಲೆಯಾಡಿಸಿದ. ಹೂಂ, ಅದೇ, ಎಂಬಂತೆ.

ಫೋಟೋ ತೆಗೆಯುವವನು “ಸ್ವಲ್ಪ ನಗಾಡಿ ಅಜ್ಜ, ಇಲ್ಲಿ ನೋಡಿ” ಎಂದ. ಬುಟ್ಟಿ ಹಿಡಿದು ಕುಳಿತವನು ನಕ್ಕ. ಆಮೇಲೆ ಮಾತಾಡಲು ಮೈಕು ಕೊಟ್ಟರು. ನಾನು ವಾದಕ್ಕೆ ಸಿದ್ಧನಾಗಿದ್ದೆ, ಪುಸ್ತಕ ಚೀಲದಲ್ಲಿತ್ತು.

“ಪತ್ರ ಬರೆದವರು ನನ್ನ ಸ್ನೇಹಿತರು” ಎಂದ ಅವನು. “ಅವರು ತಪ್ಪು ಬರೆಯುವ ಜನ ಅಲ್ಲ. ಅವರು ಬರೆದಿದ್ದಾರೆ ಅಂದ್ರೆ ಹೌದಾಗಿರ್ಬೇಕು. ನನಗೆ ಹೊಳೆ ಬದಿ ಅಂತ ನೆನಪು. ನಮಸ್ಕಾರ.”

ಎಂಟನೆಯವರನ್ನು ಕರೆದರು.

ಊಟದ ಹತ್ತಿರ ಅಧ್ಯಕ್ಷರು ನನ್ನನ್ನು ಹಿಡಿದರು. “ಎಂತ ಮಾಷ್ಟ್ರೇ, ಬಾಂಬ್ ಇಟ್ಟದ್ದಾ ನೀವು?”

“ನೀವು ಓದಿ ನೋಡ್ಬೇಕಿತ್ತು.”

“ಓದ್ಲಿಕ್ಕೆ ಅದೆಂತ ಪೇಪರಾ? ಸನ್ಮಾನ ಪತ್ರ ಅಲ್ವಾ!”

ಆ ದಿನ ನನಗೆ ಪಶ್ಚಾತ್ತಾಪ ಆಗಲಿಲ್ಲ. ಇಲ್ಲದ್ದನ್ನು ಬರೆಯುವುದಿಲ್ಲ. ಒಂದು ತಪ್ಪು ಐವತ್ತು ವರ್ಷದ ಮೇಲೆ ಸರಿಯಾಯಿತು ಎನ್ನಿಸಿತು. ಹೊತ್ತಿಗೆ ಸರಿಯಾಗಿ ಮಲಗಿದೆ, ನಾಲ್ಕೂವರೆಗೆ ಎದ್ದೆ.

ರಾಗಕ್ಕೆ ಏನೂ ಆಗಲಿಲ್ಲ. ಒಂದು ತಿಂಗಳು ಕೆಲವರು ಮದುವೆಗೆ ಹಾಕಿಸಲು ಹೆದರಿದರು. ಆಮೇಲೆ ವೀಡಿಯೋದವರ ಹತ್ತಿರ “ಆ ಹೆಣದ್ದನ್ನೇ ಹಾಕಿ, ಅದಿಲ್ಲದೆ ಚಂದ ಇಲ್ಲ” ಎನ್ನತೊಡಗಿದರು. ಸತ್ತವನ ರಾಗಕ್ಕೆ ಇಂತಹ ಆಯುಸ್ಸು. ಅಡ್ಡಹೆಸರು ಬದಲಾದದ್ದು ಮಾತ್ರ ನನ್ನ ನೆರೆಯವನದು. ಕೊಯಿಲದಲ್ಲಿ ಅವನ ಮನೆಯ ದಾರಿ ಕೇಳಿದರೆ, ಹೆಣದ ಟ್ಯೂನಿನವರಾ ಎಂದು ತಿರುಗಿ ಕೇಳುತ್ತಾರಂತೆ. ಭಜನೆಗೆ ಹೋಗುವುದನ್ನು ಬಿಟ್ಟನೆಂದೂ ಕೇಳಿದೆ.

ಒಂದು ದಿನ ಆ ಸಂಗೀತ ನಿರ್ದೇಶಕ ನನಗೆ ಫೋನ್ ಮಾಡಿದ. “ಥ್ಯಾಂಕ್ಸ್ ಸರ್. ನೀವು ಹೇಳಿದ್ದು ಒಳ್ಳೆದಾಯ್ತು. ಸತ್ತು ಅಷ್ಟು ವರ್ಷ ಆದವರದ್ದು ಯಾರು ಬೇಕಾದ್ರೂ ತಗೊಳ್ಬಹುದಂತೆ. ಯಾರ ಪರ್ಮಿಶನ್ನೂ ಬೇಡ.”

“ಅವರ ಹೆಸರು ಹಾಕುತ್ತೀರಲ್ಲ?”

“ಯಾರದ್ದು ಸರ್?”

“ಹಾರ್ಮೋನಿಯಂನವರದ್ದು.”

“ಅವರದ್ದಲ್ಲ ಅಂತ ನೀವೇ ಬರೆದದ್ದಲ್ವಾ ಸರ್?”

“ಹಾಗಾದರೆ ಬರೆದವನದ್ದು ಹಾಕಿ.”

“ನೋಡುವ ಸರ್.”

ನಮ್ಮ ಕಡೆ ‘ನೋಡುವ’ ಎಂದರೆ ಇಲ್ಲ ಎಂದರ್ಥ, ಅದು ನನಗೆ ಗೊತ್ತು. ಆದರೂ ಸಿನಿಮಾ ಬಂದ ಮೊದಲ ದಿನ ಮಧ್ಯಾಹ್ನದ ಆಟಕ್ಕೆ ಪುತ್ತೂರಿನ ಥಿಯೇಟರಿಗೆ ಹೋದೆ. ಅವನು ಆಗಲೇ ಬಂದು ಕುಳಿತಿದ್ದ, ಕಪ್ಪು ಕನ್ನಡಕ ಹಾಕಿಕೊಂಡು. ವಾರದ ಹಿಂದೆ ಕಣ್ಣಿನ ಪೊರೆ ತೆಗೆಸಿದ್ದನಂತೆ. ನನ್ನ ದನಿ ಕೇಳಿ ಪಕ್ಕದ ಸೀಟಿನಿಂದ ಚೀಲ ತೆಗೆದ. ಕೊಯಿಲದಿಂದ ಎರಡು ಬಸ್ ಹತ್ತಿ ಒಬ್ಬನೇ ಬಂದಿದ್ದ.

“ಇವಳಿಗೆ ಮಂಡಿ ನೋವು, ಬಸ್ಸು ಹತ್ಲಿಕ್ಕೆ ಆಗುದಿಲ್ಲ. ನಾನು ನೋಡಿ ಹೇಳ್ಬೇಕು” ಎಂದ. ಸನ್ಮಾನದ ವಿಷಯ ಎತ್ತಲಿಲ್ಲ. “ಅಕ್ಷರ ಸರಿ ಕಾಣುದಿಲ್ಲ ಮಾರಾಯ. ಹೆಸರು ಬರುವಾಗ ನೀನು ಓದಿ ಹೇಳು.”

ಮೊದಲಿಗೆ ಹೆಸರುಗಳು ಬಂದವು. “ಬಂತಾ?” ಎಂದ. “ಇಲ್ಲ” ಎಂದೆ. “ಕೊನೆಗೆ ಹಾಕ್ತಾರೆ ಈಗಿನವರು” ಎಂದ. ನಡುವೆ ಹಾಡು ಬಂತು. ಡ್ರಮ್ಮು, ಕುಣಿತ, ಬೆಂಕಿಯ ಕಾರಂಜಿ. ಜನ ಶಿಳ್ಳೆ ಹಾಕಿದರು. ಅವನು ತೊಡೆಯ ಮೇಲೆ ಬೆರಳಾಡಿಸಲಿಲ್ಲ. ಕೈ ಕಟ್ಟಿ ಕುಳಿತಿದ್ದ, ಪರೀಕ್ಷೆಯ ಫಲಿತಾಂಶಕ್ಕೆ ಬಂದವನಂತೆ.

ಸಿನಿಮಾ ಮುಗಿದು ಹೆಸರುಗಳು ಕೆಳಗಿನಿಂದ ಮೇಲಕ್ಕೆ ಓಡತೊಡಗಿದವು. ಜನ ಎದ್ದು ಹೊರಟರು. ನಾವು ಇಬ್ಬರೇ ಉಳಿದೆವು. ಊಟ ಒದಗಿಸಿದವರ ಹೆಸರು ಬಂತು, ಜನರೇಟರಿನವರ ಹೆಸರು ಬಂತು, ನಾಯಕಿಯ ಮನೆಯೆಂದು ತೋರಿಸಿದ ಮನೆಯ ಯಜಮಾನರ ಹೆಸರು ಬಂತು. ಪರದೆ ಬಿಳಿಯಾಯಿತು.

“ಮುಗಿಯಿತಾ?”

“ಮುಗಿಯಿತು.”

“ಬರ್ಲಿಲ್ವಾ?”

“ಇಲ್ಲ.”

“ಆ ಯುರೋಪಿನವನದ್ದು? ಅವನದ್ದಾದ್ರೂ ಬಂತಾ?”

“ಅವನದ್ದೂ ಇಲ್ಲ.”

“ಮತ್ತೆ ಯಾರದ್ದು?”

“ಸಂಗೀತ ಅಂತ ಆ ಹುಡುಗನದ್ದು.”

ಅವನು ನನ್ನ ಕಡೆಗೆ ತಿರುಗಿದ. ಕಪ್ಪು ಗಾಜಿನಲ್ಲಿ ನನಗೆ ಅವನ ಕಣ್ಣು ಕಾಣಲಿಲ್ಲ. “ಹಾಗಾದ್ರೆ ನೀನು ಅದನ್ನು ಬರೆದದ್ದು ಯಾರಿಗೋಸ್ಕರ ಮಾರಾಯ?”

ಪೊರಕೆ ಹಿಡಿದು ಬಂದ ಹೆಂಗಸು, “ಅಜ್ಜಂದಿರೇ, ಏಳಿ ಏಳಿ, ಮುಂದಿನ ಶೋ ಉಂಟು” ಎಂದಳು. ನಾನು ಕೈ ಕೊಟ್ಟೆ. ಅವನು ಹಿಡಿಯಲಿಲ್ಲ. ಕುರ್ಚಿಗಳ ಬೆನ್ನನ್ನು ಮುಟ್ಟಿ ಮುಟ್ಟಿ ಒಂದೊಂದೇ ಮೆಟ್ಟಿಲು ಇಳಿದು ಬಾಗಿಲಿಗೆ ಹೋದ. ಹೊರಗೆ ನಿಂತು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಮನೆಗೆ ಕರೆ ಮಾಡಿದ. ಹೆಂಡತಿಗೆ ಕಿವಿ ಮಂದ ಇರಬೇಕು, ಜೋರಾಗಿ ಹೇಳುತ್ತಿದ್ದ.

“ಹೂಂ, ಬಂತು ಬಂತು. ನಾನೇ ನೋಡಿದೆ. ನೀನು ಊಟ ಮಾಡಿದ್ಯಾ?”